ಡಾರ್ಕ್ ಮ್ಯಾಟರ್ ಅಂದ್ರೆ ಏನು? ಕಪ್ಪಗಿರೋದಾ, ಕಾಣದೇ ಇರೋದಾ, ಇಲ್ಲ ಲೆಕ್ಕದ ತಪ್ಪಾ?

ರಾತ್ರಿಗೂಬೆ

ನಮಸ್ಕಾರ ಎಲ್ರಿಗೂ. ತೀರಾ ಬೇಸಿಕ್ ಪ್ರಶ್ನೆ, ಬೈಕೋಬೇಡಿ. ಡಾರ್ಕ್ ಮ್ಯಾಟರ್ ಬಗ್ಗೆ ಏಳೆಂಟು ವಿಡಿಯೋ ನೋಡಿದೆ, ಎಲ್ಲದ್ರಲ್ಲೂ ಒಂದು ನೇರಳೆ ಬಣ್ಣದ ಮೋಡ ತೋರಿಸಿ ಹಿಂದೆ ಗುಂಯ್ ಅಂತ ಮ್ಯೂಸಿಕ್ ಹಾಕಿ "ಇದೊಂದು ದೊಡ್ಡ ರಹಸ್ಯ" ಅಂತ ಹೇಳಿ ಎದ್ದು ಹೋಗ್ತಾರೆ. ರಹಸ್ಯ ಅಂತ ನನಗೂ ಗೊತ್ತು ಮಾರಾಯ್ರೆ, ಏನು ರಹಸ್ಯ ಅಂತ ಹೇಳ್ಬೇಕಲ್ವಾ.

ನನಗೆ ತಲೆಗೆ ಹತ್ತದೇ ಇರೋದು ಇಷ್ಟು. ಅದು ಕಪ್ಪಗಿದ್ಯಾ? ಬ್ಲ್ಯಾಕ್ ಹೋಲ್‌ಗೂ ಅದಕ್ಕೂ ಏನಾದ್ರೂ ನೆಂಟಸ್ತನ ಇದ್ಯಾ? ಕಣ್ಣಿಗೇ ಕಾಣಲ್ಲ ಅಂದ್ಮೇಲೆ ವಿಶ್ವದಲ್ಲಿ ಅದು ಶೇ. 27 ಇದೆ ಅಂತ ತೂಗಿದ್ದು ಯಾರು, ಯಾವ ತಕ್ಕಡೀಲಿ? ಮನಸಲ್ಲಿರೋದನ್ನ ಹೇಳೇಬಿಡ್ತೀನಿ, ಲೆಕ್ಕ ತಾಳೆ ಆಗ್ಲಿಲ್ಲ ಅಂತ ಒಂದು ಹೆಸರಿಟ್ಟು ಕೈ ತೊಳ್ಕೊಂಡಿದ್ದಾರೆ ಅಂತ ನನಗೆ ಗುಮಾನಿ.

ಸುಮ್ನೆಬಂದೆ

ಕೊನೇ ಪ್ರಶ್ನೆಗೆ ಉತ್ತರ ಹೌದು. ಉಳಿದಿದ್ದಕ್ಕೆ ದೊಡ್ಡವರು ಬರ್ತಾರೆ, ಕಾಯಿರಿ.

ಹಳೇದುರ್ಬೀನು

ಗೂಬೆ ಅವರೇ, ಗುಮಾನಿ ಇಟ್ಕೊಂಡೇ ಓದಿ, ಒಳ್ಳೇದೇ. ಆದ್ರೆ ಮೊದಲು ಹೆಸರಿನ ಗೊಂದಲ ಬಿಡಿಸ್ಕೊಳ್ಳೋಣ, ಯಾಕಂದ್ರೆ ಅರ್ಧ ತಪ್ಪು ಕಲ್ಪನೆ ಹುಟ್ಟೋದೇ ಅಲ್ಲಿಂದ. "ಕಪ್ಪು ದ್ರವ್ಯ" ಅಂತ ನಾವು ಕನ್ನಡದಲ್ಲಿ ಬರೀತೀವಲ್ಲ, ಅದು ಕಪ್ಪಗಿಲ್ಲ. ಕಪ್ಪು ಅಂದ್ರೆ ಬಿದ್ದ ಬೆಳಕನ್ನ ನುಂಗೋದು, ನುಂಗೋ ವಸ್ತು ಕಣ್ಣಿಗೆ ಚೆನ್ನಾಗೇ ಕಾಣತ್ತೆ. ಬಾರ್ನಾರ್ಡ್ 68 ಅನ್ನೋ ಧೂಳಿನ ಮೋಡದ ಫೋಟೋ ಹುಡುಕಿ ನೋಡಿ, ನಕ್ಷತ್ರ ಕಿಕ್ಕಿರಿದಿರೋ ಜಾಗದ ನಡುವೆ ಯಾರೋ ಕತ್ತರೀಲಿ ಒಂದು ತುಂಡು ಕತ್ತರಿಸಿ ತೆಗೆದಂಗೆ ಕಪ್ಪು ತೂತು ಕಾಣತ್ತೆ. ಅದು ತೂತೂ ಅಲ್ಲ, ಡಾರ್ಕ್ ಮ್ಯಾಟರೂ ಅಲ್ಲ, ಬರೀ ಧೂಳು ಮತ್ತೆ ಅನಿಲ, ಹಿಂದಿರೋ ನಕ್ಷತ್ರಗಳ ಬೆಳಕಿಗೆ ಅಡ್ಡ ನಿಂತಿದೆ ಅಷ್ಟೆ. ಇನ್‌ಫ್ರಾರೆಡ್‌ನಲ್ಲಿ ನೋಡಿದ್ರೆ ಹಿಂದಿನ ನಕ್ಷತ್ರಗಳೂ ಕಾಣ್ತವೆ.

ಡಾರ್ಕ್ ಮ್ಯಾಟರ್ ಅಡ್ಡಾನೂ ನಿಲ್ಲಲ್ಲ. ಬೆಳಕು ಅದರೊಳಗಿಂದ ಏನೂ ಇಲ್ವೇನೋ ಅನ್ನೋ ಹಂಗೆ ದಾಟಿಹೋಗತ್ತೆ. ಹೊಳೆಯಲ್ಲ, ನುಂಗಲ್ಲ, ಪ್ರತಿಫಲಿಸಲ್ಲ. ನನ್ನ ಕೇಳಿದ್ರೆ ಪಾರದರ್ಶಕ ದ್ರವ್ಯ ಅಂತ ಹೆಸರಿಡ್ಬೇಕಿತ್ತು. ಗಾಜಿಗೆ ಹೋಲಿಸೋಣ ಅಂದ್ರೆ ಗಾಜಾದ್ರೂ ಅಂಚಲ್ಲಿ ಒಂಚೂರು ಮಿಂಚತ್ತೆ, ಕೈಗೆ ತಾಗತ್ತೆ. ಇದು ತಾಗೋದೂ ಇಲ್ಲ. ಇದಕ್ಕೆ ಇರೋದು ಒಂದೇ ಗುಣ, ತೂಕ. ಆ ತೂಕದಿಂದ ಅದು ಅಕ್ಕಪಕ್ಕದ್ದನ್ನ ಎಳೆಯತ್ತೆ, ಆ ಎಳೆತ ನಮಗೆ ಗೊತ್ತಾಗತ್ತೆ.

ಬ್ಲ್ಯಾಕ್ ಹೋಲ್ ಬೇರೆ ವಿಷಯ. ಸಾಮಾನ್ಯವಾಗಿ ಅದು ಸತ್ತ ದೊಡ್ಡ ನಕ್ಷತ್ರ ಕುಸಿದು ಆಗಿರೋದು, ಒಂದು ಬಿಂದುವಿನ ಸುತ್ತ ಗಟ್ಟಿಯಾಗಿ ತುಂಬಿದ ತೂಕ. ಡಾರ್ಕ್ ಮ್ಯಾಟರ್ ಗ್ಯಾಲಕ್ಸಿಗಿಂತ ದೊಡ್ಡದಾಗಿ, ತೆಳ್ಳಗೆ ಹರಡಿಕೊಂಡಿರೋದು.

ರಾತ್ರಿಗೂಬೆ

ಇದು ಯಾವ ವಿಡಿಯೋದಲ್ಲೂ ಹೇಳ್ಲಿಲ್ಲ ಸರ್. ನೇರಳೆ ಮೋಡ ತೋರಿಸ್ತಾರಲ್ಲ, ಅದೇನು ಹಂಗಾದ್ರೆ?

ಹಳೇದುರ್ಬೀನು

ಕಂಪ್ಯೂಟರ್ ಲೆಕ್ಕದ ಚಿತ್ರ. ಎಲ್ಲಿ ತೂಕ ಜಾಸ್ತಿ ಇದೆಯೋ ಅಲ್ಲಿ ಗಾಢ ಬಣ್ಣ ಹಚ್ಚಿರ್ತಾರೆ. ಮಳೆ ನಕ್ಷೆಯಲ್ಲಿ ನೀಲಿ ಹಚ್ಚಿದ್ರೆ ಮಳೆ ನೀಲಿಯಾಗಿರತ್ತಾ? ಹಂಗೆ.

ತಕ್ಕಡಿ ವಿಷಯಕ್ಕೆ ಬರ್ತೀನಿ. 1933ರಲ್ಲಿ ಫ್ರಿಟ್ಜ್ ಜ್ವಿಕಿ ಅಂತ ಒಬ್ಬರು, ಮಹಾ ಜಗಳಗಂಟ ಅಂತ ಹೆಸರು ಪಡೆದೋರು ಬೇರೆ, ಕೋಮಾ ಅನ್ನೋ ಗ್ಯಾಲಕ್ಸಿ ಗುಚ್ಛವನ್ನ ನೋಡ್ತಿದ್ರು. ಸಾವಿರದಷ್ಟು ಗ್ಯಾಲಕ್ಸಿ ಒಂದೇ ಕಡೆ ಜೇನುಹುಳದ ಥರ ಗುಂಯ್ಗುಟ್ಕೊಂಡು ಸುತ್ತೋ ಜಾಗ ಅದು, ನಮ್ಮಿಂದ 30 ಕೋಟಿ ಜ್ಯೋತಿರ್ವರ್ಷಕ್ಕಿಂತಲೂ ಆಚೆ. ಕಾಣೋ ಬೆಳಕಿಂದ ಒಟ್ಟು ತೂಕ ಅಂದಾಜು ಮಾಡಿ, ಆ ತೂಕ ಹಿಡಿದಿಟ್ಕೊಳ್ಳೋಕೆ ಆಗೋ ವೇಗ ಎಷ್ಟು ಅಂತ ಲೆಕ್ಕ ಹಾಕಿದ್ರು, ಸೆಕೆಂಡಿಗೆ ಸುಮಾರು 80 ಕಿ.ಮೀ. ಬಂತು. ಅಳೆದು ನೋಡಿದ್ರೆ ಗ್ಯಾಲಕ್ಸಿಗಳು 1000 ಕಿ.ಮೀ. ಲೆಕ್ಕದಲ್ಲಿ ಓಡ್ತಿವೆ. ಅಷ್ಟು ವೇಗದಲ್ಲಿ ಓಡೋವು ಯಾವತ್ತೋ ಚದುರಿ ಹೋಗ್ಬೇಕಿತ್ತು. ಚದುರಿಲ್ಲ ಅಂದ್ರೆ ಕಾಣದೇ ಇರೋ ಏನೋ ಹಿಡಿದಿಟ್ಟಿದೆ. ಜರ್ಮನ್‌ನಲ್ಲಿ "ಡುಂಕ್ಲ ಮಾಟೇರಿ" ಅಂತ ಬರೆದ್ರು, ಕತ್ತಲೆ ದ್ರವ್ಯ ಅಂತ. ಹೆಸರಿನ ಮೂಲ ಅದೇ.

ಸಂಶಯಪಿಶಾಚಿ

ಅಲ್ರೀ ಸರ, ಪೂರ್ತಿ ಹೇಳ್ರಲ್ಲಾ. ಜ್ವಿಕಿ 400 ಪಟ್ಟು ಕಡಿಮಿ ಬಿದ್ದೈತಿ ಅಂದಿದ್ದ. ಅವನ ಕಾಲದಾಗ ವಿಶ್ವದ ಹಿಗ್ಗುವಿಕೆ ಅಳತೀನ ತಪ್ಪಿತ್ತು, ದೂರ ಎಲ್ಲಾ ತಪ್ಪಿದ್ದು. ಮುಂದ ಎಕ್ಸ್-ರೇ ದೂರದರ್ಶಕ ಬಂದಮ್ಯಾಲ ಆ ಗುಚ್ಛದಾಗ ಗ್ಯಾಲಕ್ಸಿ ನಡುವ ಕೋಟಿಗಟ್ಟಲೆ ಡಿಗ್ರಿ ಬಿಸಿ ಇರೋ ಅನಿಲ ತುಂಬೇತಿ ಅಂತ ಗೊತ್ತಾತು, ನಕ್ಷತ್ರಕ್ಕಿಂತ ಆ ಅನಿಲದ್ದ ತೂಕ ಜಾಸ್ತಿ. ಅಂದ್ರ ಅವನ "ಕತ್ತಲೆ ದ್ರವ್ಯ"ದಾಗ ಒಂದಿಷ್ಟು ಬರೇ ಅನಿಲ ಆಗಿತ್ತು. ಉಳಿದದ್ದೂ ಒಂದಿನ ಹಂಗ ಸಿಗೂದಿಲ್ಲಂತ ಏನ್ ಗ್ಯಾರಂಟಿ?

ಹಳೇದುರ್ಬೀನು

ಒಪ್ಪಿದೆ ಪಿಶಾಚಿಗಳೇ, ನೀವು ಹೇಳಿದ್ದು ಅಷ್ಟೂ ನಿಜ. 400 ನಿಲ್ಲಲಿಲ್ಲ. ಆದ್ರೆ ಅನಿಲ, ನಕ್ಷತ್ರ ಎಲ್ಲಾ ಕೂಡಿಸಿದ್ರೂ ಇಂಥ ಗುಚ್ಛಗಳ ತೂಕದಲ್ಲಿ ಆರನೇ ಒಂದು ಪಾಲಿನ ಆಸುಪಾಸಲ್ಲೇ ನಿಲ್ಲತ್ತೆ. ಮಿಕ್ಕಿದ್ದು ಇನ್ನೂ ಬಾಕಿ.

ಲೆಕ್ಕದಮೇಷ್ಟ್ರು

ಗುಚ್ಛ ಬಿಡಿ, ಒಂದೇ ಗ್ಯಾಲಕ್ಸಿ ತಗೊಳ್ಳಿ, ಕೈಯಲ್ಲೇ ಲೆಕ್ಕ ಮಾಡಬಹುದು.

ಮೊದಲು ಸೌರಮಂಡಲ. ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ಓಡತ್ತೆ, ಭೂಮಿ 30, ನೆಪ್ಚೂನ್ ಬರೀ 5.4. ದೂರ ಹೋದಷ್ಟೂ ನಿಧಾನ. ಯಾಕೆ? ತೂಕ ಎಲ್ಲಾ ನಡುವೆ ಸೂರ್ಯನಲ್ಲೇ ಇದೆ, ದೂರಕ್ಕೆ ಹೋದ್ರೆ ಅದರ ಹಿಡಿತ ಸಡಿಲ ಆಗತ್ತೆ, ಸಡಿಲ ಹಿಡಿತದಲ್ಲಿ ಜೋರಾಗಿ ಓಡಿದ್ರೆ ಗ್ರಹ ತಪ್ಪಿಸ್ಕೊಂಡು ಹೋಗತ್ತೆ. ಸೂತ್ರ ಸುಲಭ: ವೇಗದ ವರ್ಗವನ್ನ ದೂರದಿಂದ ಗುಣಿಸಿ, ಗುರುತ್ವ ಸ್ಥಿರಾಂಕದಿಂದ ಭಾಗಿಸಿ, ಒಳಗಿರೋ ತೂಕ ಬರತ್ತೆ. ಭೂಮಿಯ ವೇಗ, ದೂರ ಹಾಕಿ ನೋಡಿ, ಸೂರ್ಯನ ತೂಕ ಬಂದು ಕೂರತ್ತೆ. ಯಾರೂ ಸೂರ್ಯನನ್ನ ತಕ್ಕಡಿಗೆ ಹಾಕಿಲ್ಲ, ಆದ್ರೂ ಅದರ ತೂಕದ ಬಗ್ಗೆ ಯಾರೂ ಗುಮಾನಿ ಪಡಲ್ಲ ಅಲ್ವಾ. ನಿಮ್ಮ ತಕ್ಕಡಿ ಇದೇ ಗೂಬೆ ಅವರೇ.

ಈಗ ಅದೇ ಸೂತ್ರ ನಮ್ಮ ಗ್ಯಾಲಕ್ಸಿಗೆ. ಸೂರ್ಯ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ, ಸೆಕೆಂಡಿಗೆ 220 ಕಿ.ಮೀ. ಅಂತ ಇಟ್ಕೊಳ್ಳಿ, ಸುತ್ತು ಹಾಕ್ತಿದಾನೆ. ಲೆಕ್ಕ ಹಾಕಿದ್ರೆ ಒಳಗೆ ಸುಮಾರು 9,000 ಕೋಟಿ ಸೂರ್ಯರ ತೂಕ. ಸರಿ. ಈಗ ಎರಡರಷ್ಟು ದೂರ ಹೋಗಿ. ಹೊರಗೆ ಹೋಗ್ತಾ ಹೋಗ್ತಾ ನಕ್ಷತ್ರಗಳು ವಿರಳ ಆಗ್ತವೆ, ಹಂಗಾಗಿ ವೇಗ ನೆಪ್ಚೂನ್ ಥರ ಇಳೀಬೇಕು. ಅಳೆದ್ರೆ ಇಳಿಯೋದೇ ಇಲ್ಲ, ಹೆಚ್ಚು ಕಮ್ಮಿ ಅಷ್ಟೇ ಇರತ್ತೆ. ವೇಗ ಅಷ್ಟೇ, ದೂರ ಡಬಲ್, ಸೂತ್ರದ ಪ್ರಕಾರ ಒಳಗಿನ ತೂಕಾನೂ ಡಬಲ್. ಬೆಳಕು ಕಮ್ಮಿ ಆಗ್ತಿರೋ ಕಡೆ ತೂಕ ಜಾಸ್ತಿ ಆಗ್ತಿದೆ. ಇಡೀ ಸಮಸ್ಯೆ ಈ ಒಂದು ಸಾಲು, ಉಳಿದಿದ್ದು ವಿವರ.

(ಗೋಳಾಕಾರ ಅಂತ ಹಿಡಿದು ಮಾಡಿರೋ ಅಂದಾಜು ಇದು, ತಟ್ಟೆಯ ಆಕಾರಕ್ಕೆ ಲೆಕ್ಕ ಸ್ವಲ್ಪ ಬೇರೆ ಬರತ್ತೆ, ಆ ತಕರಾರು ತೆಗೀಬೇಡಿ.)

ರಾತ್ರಿಗೂಬೆ

ಮೇಷ್ಟ್ರೇ, ಸೂರ್ಯನ ತೂಕದ ಮಾತು ಕೇಳಿ ಒಂದು ನಿಮಿಷ ಸುಮ್ನೆ ಕೂತ್ಬಿಟ್ಟೆ, ಹೌದಲ್ವಾ. ಆದ್ರೆ ಅಷ್ಟು ದೂರದ ಗ್ಯಾಲಕ್ಸಿಯ ನಕ್ಷತ್ರದ ವೇಗ ಅಳೆಯೋದು ಹೆಂಗೆ? ಅದು ಜರುಗೋದು ಕಣ್ಣಿಗೆ ಕಾಣಲ್ವಲ್ಲ. ಒಂದು ಸುತ್ತಿಗೆ ಇಪ್ಪತ್ತು ಕೋಟಿ ವರ್ಷ ಬೇಕು ಅಂತಾರೆ.

ಹಳೇದುರ್ಬೀನು

ಜರುಗೋದನ್ನ ನೋಡಲ್ಲ, ಬೆಳಕಿನ ಬಣ್ಣ ನೋಡ್ತಾರೆ. ಬಿಸಿ ಹೈಡ್ರೋಜನ್ ಒಂದು ಖಾಸಾ ಕೆಂಪು ಬೆಳಕು ಸೂಸತ್ತೆ, ಅದರ ತರಂಗದೂರ 656.28 ನ್ಯಾನೋಮೀಟರ್. ಪ್ರಯೋಗಶಾಲೆಯಲ್ಲೂ ಅಷ್ಟೇ, ಗ್ಯಾಲಕ್ಸಿಯಲ್ಲೂ ಅಷ್ಟೇ. ಆ ಅನಿಲ ನಮ್ಮಿಂದ ಸೆಕೆಂಡಿಗೆ 200 ಕಿ.ಮೀ. ದೂರ ಓಡ್ತಿದ್ರೆ ಆ ಗೆರೆ 0.44 ನ್ಯಾನೋಮೀಟರ್ ಅಷ್ಟು ಕೆಂಪಿನ ಕಡೆ ಸರಿದಿರತ್ತೆ, ನಮ್ಮ ಕಡೆ ಬರ್ತಿದ್ರೆ ನೀಲಿ ಕಡೆ. ಓರೆಯಾಗಿ ಕಾಣೋ ಗ್ಯಾಲಕ್ಸಿಯ ಒಂದು ಮಗ್ಗುಲು ನಮ್ಮ ಕಡೆ ಬರ್ತಿರತ್ತೆ, ಇನ್ನೊಂದು ದೂರ ಹೋಗ್ತಿರತ್ತೆ. ಅದರ ಉದ್ದಕ್ಕೂ ಒಂದು ಸೀಳುಗಂಡಿ ಇಟ್ಟು ವರ್ಣಪಟಲ ತೆಗೆದ್ರೆ ಆ ಗೆರೆ ನೆಟ್ಟಗೆ ಬರಲ್ಲ, ನಡುವೆ ಓರೆಯಾಗಿ ಹತ್ತಿ ಆಮೇಲೆ ಎರಡೂ ತುದೀಲಿ ಮಟ್ಟಸವಾಗಿ ಚಾಚ್ಕೊಂಡಿರತ್ತೆ. ಆ ತುದಿಗಳು ಮತ್ತೆ ಮಧ್ಯದ ಕಡೆ ಬಾಗಬೇಕಿತ್ತು. ಬಾಗಲ್ಲ.

ಇದನ್ನ ವರ್ಷಗಟ್ಟಲೆ ಕೂತು ಮಾಡಿದ್ದು ವೀರಾ ರೂಬಿನ್. ಕೆಂಟ್ ಫೋರ್ಡ್ ಅಂತ ಜೊತೆಗಾರ, ಅವರು ಕಟ್ಟಿದ ಉಪಕರಣ ಇದ್ದಿದ್ರಿಂದ ಮಂಕು ಬೆಳಕನ್ನೂ ಹಿಡಿಯೋಕಾಯ್ತು. 1970ರಲ್ಲಿ ಇಬ್ರೂ ಆಂಡ್ರೊಮಿಡಾ ಗ್ಯಾಲಕ್ಸಿಯಲ್ಲಿ 67 ಅನಿಲ ಮೋಡಗಳ ವೇಗ ಅಳೆದು ಪ್ರಕಟಿಸಿದ್ರು. ಒಂದು ಗ್ಯಾಲಕ್ಸಿ ಹಂಗಿದ್ರೆ ಅದರ ಹಣೆಬರಹ ಅನ್ನಬಹುದು, 1980ರಲ್ಲಿ 21 ಗ್ಯಾಲಕ್ಸಿ ಅಳೆದು ಇಟ್ಟಾಗ ಎಲ್ಲದ್ದೂ ಅದೇ ಕಥೆ. ಅಷ್ಟರಲ್ಲಿ ರೇಡಿಯೋದವರು ತಣ್ಣನೆ ಹೈಡ್ರೋಜನ್ನಿನ 21 ಸೆಂ.ಮೀ. ತರಂಗ ಹಿಡಿದು, ನಕ್ಷತ್ರಗಳೆಲ್ಲಾ ಮುಗಿದ ಮೇಲೂ ಎಷ್ಟೋ ಆಚೆಗೆ ಹೋಗಿ ಅಳೆದಿದ್ರು, ಅಲ್ಲೂ ವೇಗ ಇಳಿದಿರಲಿಲ್ಲ. ಇನ್ನೊಂದು ಮಾತು, ಪಾಲೋಮಾರ್ ವೀಕ್ಷಣಾಲಯದಲ್ಲಿ ಅಧಿಕೃತವಾಗಿ ಕೂತು ಆಕಾಶ ನೋಡೋಕೆ ಅನುಮತಿ ಸಿಕ್ಕ ಮೊದಲ ಹೆಂಗಸೂ ರೂಬಿನ್ನೇ, 1965ರಲ್ಲಿ. ಅಲ್ಲಿವರೆಗೆ ಹೆಂಗಸರಿಗೆ ಬಿಡ್ತಿರಲಿಲ್ಲ. ನೊಬೆಲ್ ಕೊಡದೇ 2016ರಲ್ಲಿ ಕಳಿಸಿಕೊಟ್ರು, ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಸಂಶಯಪಿಶಾಚಿ

ಅಳತಿ ಬಗ್ಗೆ ನಂದೇನೂ ತಕರಾರಿಲ್ಲ. ಅಳತಿಂದ ಮುಂದ ಹಾರೂದರ ಬಗ್ಗೆ ಐತಿ. ಲೆಕ್ಕ ಕೂಡಲಿಲ್ಲಂದ್ರ ಎರಡು ಕಾರಣ ಇರಬಹುದು, ನಮಗ ಕಾಣಲಾರದ್ದು ಏನೋ ಐತಿ, ಇಲ್ಲಾ ನಮ್ಮ ಸೂತ್ರನ ತಪ್ಪೈತಿ.

ಎರಡೂ ಹಿಂದ ಆಗ್ಯಾವ. ಯುರೇನಸ್ ದಾರಿ ತಪ್ಪಿ ನಡದಿತ್ತು, ಲವೆರಿಯೆ ಅನ್ನೂ ಫ್ರಾನ್ಸಿನ ಖಗೋಳಜ್ಞ ಕುಂತು ಲೆಕ್ಕಾ ಹಾಕಿ ಅಲ್ಲೆ ಆಚೆ ಇನ್ನೊಂದು ಗ್ರಹ ಇರಬೇಕು ಅಂದ, 1846ರಾಗ ಬರ್ಲಿನ್‌ದಾಗ ಗಾಲೆ ಅನ್ನಾವ ದುರ್ಬೀನು ತಿರುಗಿಸಿದ, ಹೇಳಿದ ಜಾಗದಿಂದ ಒಂದು ಡಿಗ್ರಿ ಒಳಗ ನೆಪ್ಚೂನ್ ಸಿಕ್ತು. ಭಾರಿ ಹೆಸರಾತು. ಅದ ಲವೆರಿಯೆ ಮುಂದ ಬುಧನ ಕಕ್ಷೆ ನೋಡ್ದ, ಅದೂ ಸ್ವಲ್ಪ ತಪ್ಪೇತಿ, ನೂರು ವರ್ಷಕ್ಕ 43 ಆರ್ಕ್‌ಸೆಕೆಂಡ್ ಅಷ್ಟ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). ಅಲ್ಲೂ ಒಂದು ಗ್ರಹ ಐತಿ ಅಂದ, ವಲ್ಕನ್ ಅಂತ ಹೆಸರೂ ಇಟ್ರು, ಕಂಡೀನಿ ಅಂದಾವ್ರೂ ಇದ್ರು ನೋಡ್ರಿ. ಎಲ್ಲೈತಿ ವಲ್ಕನ್? ಇಲ್ಲ. 1915ರಾಗ ಐನ್‌ಸ್ಟೈನ್ ಬಂದು ಗುರುತ್ವದ ಸೂತ್ರನ ಬದಲ ಮಾಡಿದ, 43 ತಾನಾಗೇ ಬಂತು.

ಈಗ ಡಾರ್ಕ್ ಮ್ಯಾಟರ್ ನೆಪ್ಚೂನೋ ವಲ್ಕನ್ನೋ ಅನ್ನೂದ ಪ್ರಶ್ನೆ. 1983ರಾಗ ಮಿಲ್‌ಗ್ರೋಮ್ ಅನ್ನಾವ ವಲ್ಕನ್ ಅಂದ. ವೇಗೋತ್ಕರ್ಷ ಭಾಳ ಸಣ್ಣದಾದಲ್ಲೆ, ಅಂದ್ರ ಭೂಮಿ ಮ್ಯಾಲಿನ ಗುರುತ್ವದ ಎಂಟು ಸಾವಿರ ಕೋಟಿ ಪಾಲಿನಾಗ ಒಂದು ಪಾಲಿನಷ್ಟಕ್ಕ ಇಳದಲ್ಲೆ, ನ್ಯೂಟನ್ ನಿಯಮ ಬದಲಾಗತೈತಿ ಅಂತ. ಮಾಂಡ್ ಅಂತಾರ ಅದಕ್ಕ. ಆ ಒಂದ ಒಂದು ಅಂಕಿ ಇಟ್ಕೊಂಡು ಎಷ್ಟೋ ಗ್ಯಾಲಕ್ಸಿ ವೇಗ ಬರೋಬ್ಬರಿ ಹೇಳತೈತಿ, ಕಾಣೂ ವಸ್ತು ಎಷ್ಟೈತಿ ಅಂತ ಗೊತ್ತಾದ್ರ ಸಾಕು. ಡಾರ್ಕ್ ಮ್ಯಾಟರ್‌ನವರು ಒಂದೊಂದು ಗ್ಯಾಲಕ್ಸಿಗೆ ಒಂದೊಂದು ಅಳತಿ ಅಂಗಿ ಹೊಲೀತಾರ.

ಸುಮ್ನೆಬಂದೆ

ಜಗಳಕ್ಕೆ ಬಂದೆ, ಪಾಠ ನಡೀತಿದೆ. ಆದ್ರೂ ಕೂತೆ.

ಕಾಸ್ಮಿಕ್‌ಅಕ್ಕ

ಪಿಶಾಚಿ ಅವರ ನೆಪ್ಚೂನ್–ವಲ್ಕನ್ ಮಾತು ನನಗೆ ತುಂಬಾ ಹಿಡಿಸ್ತು, ಪ್ರಶ್ನೆ ಕೇಳೋ ಸರಿಯಾದ ರೀತಿ ಅದೇ. ಗ್ಯಾಲಕ್ಸಿ ಮಟ್ಟದಲ್ಲಿ ಮಾಂಡ್ ಚೆನ್ನಾಗಿ ಕೆಲಸ ಮಾಡತ್ತೆ ಅನ್ನೋದನ್ನೂ ಒಪ್ಪಬೇಕು, ನಗೆಪಾಟಲು ಮಾಡೋ ವಿಷಯ ಅಲ್ಲ. ಆದ್ರೆ ಬರೀ ಗ್ಯಾಲಕ್ಸಿ ಸುತ್ತೋದನ್ನ ನೋಡ್ಕೊಂಡು ಕೂತ್ರೆ ಈ ಜಗಳ ಮುಗಿಯಲ್ಲ, ಬೇರೆ ಕಡೆಯಿಂದ ಸಾಕ್ಷಿ ತರಿಸ್ಬೇಕು.

ಒಂದು, ಬುಲೆಟ್ ಕ್ಲಸ್ಟರ್. ಎರಡು ಗುಚ್ಛ ಎದುರಾಬದುರಾ ಡಿಕ್ಕಿ ಹೊಡೆದು ಒಂದರೊಳಗೊಂದು ತೂರಿ ಆಚೆ ಬಂದಿವೆ. ಗ್ಯಾಲಕ್ಸಿಗಳ ಮಧ್ಯೆ ಜಾಗ ಬೇಕಾದಷ್ಟಿರತ್ತೆ, ಹಂಗಾಗಿ ಅವು ಒಂದಕ್ಕೊಂದು ತಾಗದೇ ದಾಟಿಹೋದ್ವು. ಬಿಸಿ ಅನಿಲ ಹಂಗಲ್ಲ, ಎರಡೂ ಕಡೆಯ ಅನಿಲ ಡಿಕ್ಕಿ ಹೊಡೆದು ನಡುವೆ ಸಿಕ್ಕಾಕ್ಕೊಳ್ತು, ಎಕ್ಸ್-ರೇ ಚಿತ್ರದಲ್ಲಿ ಬಾಣದ ಮೊನೆ ಥರ ಕಾಣತ್ತೆ, ಬುಲೆಟ್ ಹೆಸರು ಅದಕ್ಕೇ. ಈಗ ಯೋಚಿಸಿ, ಕಾಣೋ ತೂಕದಲ್ಲಿ ಸಿಂಹಪಾಲು ಅನಿಲದ್ದು. ಡಾರ್ಕ್ ಮ್ಯಾಟರ್ ಇಲ್ಲ ಅಂದ್ರೆ ಗುರುತ್ವ ಜೋರಾಗಿರಬೇಕಾದ್ದು ನಡುವಿನ ಅನಿಲ ಇರೋ ಕಡೆ. ತೂಕ ಇರೋ ಕಡೆ ಬೆಳಕಿನ ದಾರೀನೂ ಬಾಗತ್ತೆ, ಹಂಗಾಗಿ ಹಿಂದಿರೋ ಗ್ಯಾಲಕ್ಸಿಗಳ ಬೆಳಕು ಇಲ್ಲಿ ಎಷ್ಟು ಬಾಗಿದೆ ಅಂತ ನೋಡಿ ತೂಕದ ನಕ್ಷೆ ಬರೆದ್ರು, 2006ರಲ್ಲಿ ಪ್ರಕಟ ಆಯ್ತು. ತೂಕ ಅನಿಲದ ಹತ್ರ ಇಲ್ಲ. ಎರಡು ಕಡೆಗೆ, ತಾಗದೇ ದಾಟಿಹೋದ ಗ್ಯಾಲಕ್ಸಿಗಳ ಜೊತೆ ಇದೆ. ಸೂತ್ರ ಬದಲಾಯಿಸಿದ್ರೆ ಎಳೆತ ಜಾಸ್ತಿ ಕಮ್ಮಿ ಆಗಬಹುದು, ಆದ್ರೆ ಎಳೆಯೋ ಜಾಗ ಅಷ್ಟು ದೂರ ಎದ್ದು ಹೋಗೋದು ಕಷ್ಟ. ಅಲ್ಲದೆ ಮಾಂಡ್ ಹಾಕಿದ್ರೂ ದೊಡ್ಡ ಗುಚ್ಛಗಳಲ್ಲಿ ಇನ್ನೂ ಸುಮಾರು ಅರ್ಧದಷ್ಟು ತೂಕ ಕಮ್ಮಿ ಬೀಳತ್ತೆ, ಅಂದ್ರೆ ಅಲ್ಲೂ ಏನೋ ಕಾಣದ್ದು ಬೇಕೇ ಬೇಕು.

ಇನ್ನೊಂದು ನನ್ನ ಪ್ರೀತಿಯದ್ದು, ಇದರ ಬಗ್ಗೆ ಯಾರೂ ವಿಡಿಯೋ ಮಾಡಲ್ಲ ಯಾಕಂದ್ರೆ ಚಿತ್ರ ಚೆನ್ನಾಗಿಲ್ಲ. ವಿಶ್ವಕ್ಕೆ 3 ಲಕ್ಷ 80 ಸಾವಿರ ವರ್ಷ ಆಗಿದ್ದಾಗ ಹೊರಟ ಬೆಳಕು ಇವತ್ತಿಗೂ ಮೈಕ್ರೋವೇವ್ ರೂಪದಲ್ಲಿ ಎಲ್ಲಾ ದಿಕ್ಕಿಂದ ಬರ್ತಿದೆ. ಅದರಲ್ಲಿ ಏರುಪೇರು ಎಷ್ಟು ಗೊತ್ತಾ, ಲಕ್ಷದಲ್ಲಿ ಒಂದು ಭಾಗ. ಅಂದ್ರೆ ಆಗಿನ ಅನಿಲ ಅಷ್ಟು ನುಣುಪಾಗಿ ಹರಡಿತ್ತು, ಎಲ್ಲೋ ಒಂದು ಕಡೆ ಲಕ್ಷಕ್ಕೆ ಒಂದರಷ್ಟು ದಟ್ಟ ಅಷ್ಟೆ. ಆಮೇಲಿಂದ ವಿಶ್ವ 1100 ಪಟ್ಟು ಹಿಗ್ಗಿದೆ, ಈ ಏರುಪೇರುಗಳೂ ಹೆಚ್ಚು ಕಮ್ಮಿ ಅಷ್ಟೇ ಪಟ್ಟು ಬೆಳೀತವೆ. 1100 ಗುಣಿಸು ಲಕ್ಷದಲ್ಲೊಂದು, ಶೇಕಡ ಒಂದು. ಇವತ್ತಿಗೆ ವಿಶ್ವದಲ್ಲಿ ಶೇಕಡ ಒಂದರಷ್ಟು ಉಬ್ಬುತಗ್ಗು ಇರಬೇಕಿತ್ತು, ಗ್ಯಾಲಕ್ಸಿ ಇಲ್ಲ, ನಕ್ಷತ್ರ ಇಲ್ಲ, ನಾವೂ ಇಲ್ಲ. ಇದ್ದೀವಲ್ಲ, ಹೆಂಗೆ? ಆ ಕಾಲದಲ್ಲಿ ಅನಿಲವನ್ನ ಬೆಳಕು ಒದ್ದು ಒದ್ದು ಗುಡ್ಡೆ ಆಗೋಕೆ ಬಿಡ್ತಿರಲಿಲ್ಲ. ಬೆಳಕಿಗೆ ಸಂಬಂಧವೇ ಇಲ್ಲದ ವಸ್ತು ಒಂದು ಇದ್ದಿದ್ರೆ ಅದಕ್ಕೆ ಆ ಒದೆ ಬೀಳ್ತಿರಲಿಲ್ಲ, ಅದು ಮೊದಲೇ ಸದ್ದಿಲ್ಲದೆ ಗುಡ್ಡೆ ಆಗ್ತಾ ಹೋಗಿರತ್ತೆ, ಆಮೇಲೆ ಬಿಡುಗಡೆ ಆದ ಅನಿಲ ಆ ಹಳ್ಳಗಳಿಗೆ ಹರ್ಕೊಂಡು ಬಂದು ತುಂಬ್ಕೊಂಡಿದೆ. ದುರ್ಬೀನು ಸರ್ ಮೊದಲೇ ಹೇಳಿದ್ರಲ್ಲ, ಕಪ್ಪಲ್ಲ ಪಾರದರ್ಶಕ ಅಂತ. ಆ ಪಾರದರ್ಶಕತೆ ಇಲ್ಲಿ ಕೆಲಸಕ್ಕೆ ಬರತ್ತೆ.

ಶೇ. 27 ಬಂದಿದ್ದೂ ಇಲ್ಲಿಂದಲೇ. ಪ್ಲಾಂಕ್ ಉಪಗ್ರಹ ಆ ಏರುಪೇರುಗಳನ್ನ ಅಳೆದು 2013ರಲ್ಲಿ ಕೊಟ್ಟ ಲೆಕ್ಕ: ಮಾಮೂಲಿ ದ್ರವ್ಯ 4.9, ಡಾರ್ಕ್ ಮ್ಯಾಟರ್ 26.8, ಡಾರ್ಕ್ ಎನರ್ಜಿ 68.3. ಮೂರನೇದಕ್ಕೂ ಎರಡನೇದಕ್ಕೂ ಹೆಸರಲ್ಲಿ ಬಿಟ್ರೆ ಸಂಬಂಧ ಇಲ್ಲ, ಅದು ವಿಶ್ವವನ್ನ ಹಿಗ್ಗಿಸೋದು, ಇದು ಒಟ್ಟುಗೂಡಿಸೋದು. ಆ ಕಡೆ ಹೋದ್ರೆ ಇವತ್ತು ಮುಗಿಯಲ್ಲ.

ರಾತ್ರಿಗೂಬೆ

ಮೇಡಂ ಇದನ್ನ ಮೂರು ಸಲ ಓದಿದೆ. ಎರಡನೇದು ನಿಜಕ್ಕೂ ತಲೆ ತಿರುಗಿಸ್ತು. ಆದ್ರೂ ಒಂದು ದಡ್ಡ ಪ್ರಶ್ನೆ. ಡಾರ್ಕ್ ಮ್ಯಾಟರ್ ಮಾಮೂಲಿ ವಸ್ತುವಿಗಿಂತ ಐದು ಪಟ್ಟು ಜಾಸ್ತಿ ಅಂದ್ರೆ ಈಗ ನಾನು ಕೂತಿರೋ ರೂಮಲ್ಲೂ ಇರಬೇಕಲ್ವಾ? ಭೂಮಿ ಸೂರ್ಯನ ಸುತ್ತ ಸುತ್ತೋದ್ರಲ್ಲಿ ಯಾಕೆ ಗೊತ್ತಾಗಲ್ಲ?

ಲೆಕ್ಕದಮೇಷ್ಟ್ರು

ದಡ್ಡ ಪ್ರಶ್ನೆ ಅಲ್ಲ, ಈ ಚರ್ಚೆಯಲ್ಲೇ ಒಳ್ಳೇ ಪ್ರಶ್ನೆ. ಲೆಕ್ಕ ಹಾಕೋಣ ಇರಿ.

ನಮ್ಮ ಸುತ್ತಮುತ್ತ ಅದರ ಸಾಂದ್ರತೆ ಗ್ಯಾಲಕ್ಸಿಯ ಚಲನೆಯಿಂದ ಅಂದಾಜು ಮಾಡಿದಾರೆ, ಒಂದು ಘನ ಸೆಂಟಿಮೀಟರಿಗೆ ಪ್ರೋಟಾನ್ ತೂಕದ ಮೂರನೇ ಒಂದು ಪಾಲಿನಷ್ಟು. ಒಂದು ಘನ ಮೀಟರ್ ಗಾಳಿ 1.2 ಕೆಜಿ ತೂಗತ್ತೆ, ಅದೇ ಜಾಗದಲ್ಲಿ ಡಾರ್ಕ್ ಮ್ಯಾಟರ್ ಕೆಲವು ಲಕ್ಷ ಪ್ರೋಟಾನಿನ ತೂಕ, ಅಂದ್ರೆ ಯಾವ ತಕ್ಕಡಿಗೂ ಸಿಗದಷ್ಟು. ಇಡೀ ಭೂಮಿಯ ಗಾತ್ರ ತಗೊಂಡ್ರೆ? ಗುಣಿಸಿ ನೋಡಿದೆ, ಸುಮಾರು 0.6 ಕೆಜಿ ಬಂತು. ಯಾವುದೇ ಕ್ಷಣದಲ್ಲಿ ಭೂಮಿಯ ಹೊಟ್ಟೆಯೊಳಗೆ ಇರೋ ಡಾರ್ಕ್ ಮ್ಯಾಟರ್ ಒಂದು ಕೆಜಿಗೂ ಕಮ್ಮಿ.

ನೆಪ್ಚೂನ್ ಕಕ್ಷೆವರೆಗಿನ ಇಡೀ ಗೋಳ ತಗೊಂಡ್ರೂ ಒಂದು ಐವತ್ತು ಕಿ.ಮೀ. ಅಗಲದ ಕ್ಷುದ್ರಗ್ರಹದ ತೂಕ. ಸೂರ್ಯನ ಮುಂದೆ ಅದು ಯಾವ ಲೆಕ್ಕ. ಹಂಗಾದ್ರೆ ಗ್ಯಾಲಕ್ಸಿಯಲ್ಲಿ ಹೆಂಗೆ ಮೇಲುಗೈ ಆಗತ್ತೆ ಅಂದ್ರೆ, ನಕ್ಷತ್ರಗಳ ನಡುವೆ ಖಾಲಿ ಜಾಗ ಅಷ್ಟು ಇದೆ. ನಕ್ಷತ್ರ ಅಂದ್ರೆ ಅಲ್ಲೊಂದು ಇಲ್ಲೊಂದು ಚುಕ್ಕಿ, ಇದು ಎಲ್ಲಾ ಕಡೆ ತೆಳ್ಳಗೆ ಸವರಿರೋದು. ಹನಿ ಹನಿಗೂಡಿದ್ರೆ ಹಳ್ಳ ಅಂತೀವಲ್ಲ.

ಸುಮ್ನೆಬಂದೆ

ಭೂಮಿಯೊಳಗೆ ಅರ್ಧ ಕೆಜಿ ಚಿಲ್ಲರೆ!! ಇದಕ್ಕೇನಾ ಇಷ್ಟು ಗಲಾಟೆ.

ರಾತ್ರಿಗೂಬೆ

ಸರಿ, ಅದಕ್ಕೂ ಗುರುತ್ವ ಇದೆ ಅಂದ್ಮೇಲೆ ಅದು ಯಾಕೆ ಒಂದು ಕಡೆ ಮುದ್ದೆ ಆಗಿ ಡಾರ್ಕ್ ನಕ್ಷತ್ರ, ಡಾರ್ಕ್ ಗ್ರಹ ಆಗಿಲ್ಲ? ಯಾಕೆ ಯಾವಾಗ್ಲೂ ತೆಳ್ಳಗೇ ಹರಡಿರತ್ತೆ?

ಹಳೇದುರ್ಬೀನು

ಮುದ್ದೆ ಆಗೋಕೆ ತಣ್ಣಗಾಗೋದು ಬರಬೇಕು. ಅನಿಲದ ಮೋಡ ಕುಸಿಯುವಾಗ ಕಣಗಳು ಒಂದಕ್ಕೊಂದು ಗುದ್ದಿ ಬಿಸಿ ಆಗ್ತವೆ, ಆ ಬಿಸೀನ ಬೆಳಕಾಗಿ ಹೊರಗೆ ಕಳಿಸಿ ತಣ್ಣಗಾಗ್ತವೆ, ವೇಗ ಕಳ್ಕೊಂಡು ಇನ್ನೂ ಒಳಗೆ ಇಳೀತವೆ, ಹಿಂಗೇ ಇಳಿದಿಳಿದು ತಟ್ಟೆ, ನಕ್ಷತ್ರ, ಗ್ರಹ ಎಲ್ಲಾ ಆಗತ್ತೆ. ಡಾರ್ಕ್ ಮ್ಯಾಟರ್‌ಗೆ ಬೆಳಕು ಸೂಸೋಕೆ ಬರಲ್ಲ, ಗುದ್ದಾಟಾನೂ ಇಲ್ಲ. ಒಂದು ಕಣ ಕೇಂದ್ರದ ಕಡೆ ಬೀಳತ್ತೆ, ಏನೂ ತಡೆಯಲ್ಲ, ಆ ಕಡೆಯಿಂದ ಅಷ್ಟೇ ಎತ್ತರಕ್ಕೆ ಏರತ್ತೆ, ಮತ್ತೆ ಬೀಳತ್ತೆ. ಕೀಲಿಗೆ ಎಣ್ಣೆ ಹಾಕಿದ ಉಯ್ಯಾಲೆ ಥರ, ನಿಲ್ಲೋದೇ ಇಲ್ಲ. ಅದಕ್ಕೇ ಗ್ಯಾಲಕ್ಸಿ ತಟ್ಟೆಯಂಗೆ ಚಪ್ಪಟೆ ಆದ್ರೂ ಅದರ ಸುತ್ತಿನ ಡಾರ್ಕ್ ಮ್ಯಾಟರ್ ದೊಡ್ಡ ಚೆಂಡಿನಂಗೆ ಉಳ್ಕೊಂಡಿದೆ. ಹೇಲೋ ಅಂತಾರೆ, ಪ್ರಭಾವಲಯ ಅಂತ ಕನ್ನಡದಲ್ಲಿ ಬರೆಯೋರಿದ್ದಾರೆ, ಪ್ರಭೆಯೇ ಇಲ್ಲದ್ದಕ್ಕೆ ಪ್ರಭಾವಲಯ! ಹೆಸರಿನ ವಿಷಯದಲ್ಲಿ ಇದರ ಗ್ರಹಚಾರವೇ ಸರಿ ಇಲ್ಲ.

ಸಂಶಯಪಿಶಾಚಿ

ಎಲ್ಲಾ ಸರಿ ಅಕ್ಕಾರ, ಬುಲೆಟ್ ಕ್ಲಸ್ಟರಿಗೆ ನನ್ನ ಹತ್ರ ಗಟ್ಟಿ ಉತ್ತರ ಇಲ್ಲ, ಒಪ್ಕೋತೀನಿ. ಆದ್ರ ಇಷ್ಟ್ ಇದ್ದಾವ ಯಾರು ಅಂತ ಹೇಳ್ರಿ. ಇಟಲಿದಾಗ ಗುಡ್ಡದ ಕೆಳಗ, ಅಮೆರಿಕಾದಾಗ ಹಳೇ ಬಂಗಾರದ ಗಣಿಯಾಗ ಒಂದೂವರಿ ಕಿ.ಮೀ. ಆಳಕ್ಕ ಹೋಗಿ ಟನ್‌ಗಟ್ಟಲೆ ದ್ರವ ಕ್ಸೆನಾನ್ (ಅದೊಂದು ಅನಿಲ, ತಣ್ಣಗ ಮಾಡಿ ದ್ರವ ಮಾಡಿದ್ದು) ತುಂಬಿಟ್ಟು ಕಾಯ್ತಾ ಕುಂತಾರ. ಏನ್ ಸಿಕ್ಕೈತಿ? ಬೆಟ್ಟ ಅಗದು ಇಲಿ ಹಿಡದ್ರು ಅಂತಾರ, ಇಲ್ಲಿ ಇಲೀನೂ ಸಿಕ್ಕಿಲ್ಲ.

ಕಾಸ್ಮಿಕ್‌ಅಕ್ಕ

ಇಲ್ಲಿ ನಿಮಗೇ ಒಂದು ಅಂಕ ಕೊಡ್ತೀನಿ. ಎಲ್‌ಝೆಡ್ ಅಂತಾರೆ ಆ ಗಣಿಯ ಪ್ರಯೋಗಕ್ಕೆ, 7 ಟನ್ ಕ್ಸೆನಾನ್. ಸುಮ್ನೆ ಆಳಕ್ಕೆ ಹೋಗಿಲ್ಲ, ಮೇಲೆ ಇದ್ರೆ ಬಾಹ್ಯಾಕಾಶದಿಂದ ಬರೋ ಕಾಸ್ಮಿಕ್ ಕಿರಣದ ಗದ್ದಲ, ಬಂಡೆ ಆ ಗದ್ದಲ ತಡೆಯತ್ತೆ. ಡಾರ್ಕ್ ಮ್ಯಾಟರ್ ಕಣ ಯಾವತ್ತೋ ಒಂದು ಸಲ ಕ್ಸೆನಾನ್ ಪರಮಾಣುವಿಗೆ ಡಿಕ್ಕಿ ಹೊಡೆದ್ರೆ ಸಣ್ಣ ಮಿಂಚು, ಅದರ ಹಿಂದೆ ಕಿತ್ತು ಬಂದ ಎಲೆಕ್ಟ್ರಾನ್‌ಗಳಿಂದ ಇನ್ನೊಂದು ಮಿಂಚು, ಎರಡರ ಅನುಪಾತ ನೋಡಿ ಬಂದೋರು ಯಾರು ಅಂತ ಗುರುತಿಸೋದು. 2022ರಿಂದ ಫಲಿತಾಂಶ ಬರ್ತಿವೆ, ಡಾರ್ಕ್ ಮ್ಯಾಟರ್ ಸಿಕ್ಕಿಲ್ಲ. ಭಾರದ, ನಿಧಾನದ, ಅಪರೂಪಕ್ಕೆ ಡಿಕ್ಕಿ ಹೊಡೆಯೋ ಕಣ, ವಿಂಪ್ ಅಂತಾರಲ್ಲ, ಅದರ ಮೇಲೆ ನಮ್ಮಲ್ಲಿ ಬಹಳ ಜನ ಪಣ ಕಟ್ಟಿದ್ರು. ಆ ಪಣದ ಜಾಗ ವರ್ಷ ವರ್ಷ ಕಿರಿದಾಗ್ತಾ ಬರ್ತಿದೆ.

ಇಟಲಿಯ ಇನ್ನೊಂದು ಗುಂಪು, ಡಾಮಾ ಅಂತ, ವರ್ಷಕ್ಕೊಂದು ಸಲ ಏರಿಳಿಯೋ ಸಂಕೇತ ಸಿಕ್ಕಿದೆ ಅಂತ ಇಪ್ಪತ್ತು ವರ್ಷದಿಂದ ಹೇಳ್ತಿದಾರೆ. ಅವರು ಕ್ಸೆನಾನ್ ಬದಲು ಹರಳು ಇಟ್ಟು ಕಾಯ್ತಾರೆ. ಅದೇ ಥರದ ಹರಳು ಬಳಸಿ ಸ್ಪೇನ್, ಕೊರಿಯಾದಲ್ಲಿ ಬೇರೆಯವರು ನೋಡಿದ್ರು, ಆ ಸಂಕೇತ ಇಲ್ಲ.

ಆದ್ರೆ ಕೂಡಿಸೋ ಮಾತೊಂದಿದೆ. ಪೌಲಿ ಅನ್ನೋ ಭೌತವಿಜ್ಞಾನಿ ನ್ಯೂಟ್ರಿನೋ ಅನ್ನೋ ಕಣ ಇದೆ ಅಂದಿದ್ದು 1930ರಲ್ಲಿ, ಸಿಕ್ಕಿದ್ದು 1956ರಲ್ಲಿ. ಅದೂ ಲೆಕ್ಕ ತಾಳೆ ಆಗ್ಲಿಲ್ಲ ಅಂತಲೇ ಹುಟ್ಟಿದ ಕಣ.

ಸಂಶಯಪಿಶಾಚಿ

26 ವರ್ಷರೀ ಅದು. ಇದಕ್ಕ 1933ರಿಂದ ಲೆಕ್ಕಾ ಹಾಕ್ರಿ.

ಸುಮ್ನೆಬಂದೆ

ಊರಿಗೆ ಬಂದೋಳು ನೀರಿಗೆ ಬರದೇ ಇರ್ತಾಳಾ. ಕಾಯೋಣ ಬಿಡಿ.

ರಾತ್ರಿಗೂಬೆ

ಆ ನ್ಯೂಟ್ರಿನೋನೇ ಡಾರ್ಕ್ ಮ್ಯಾಟರ್ ಆಗಿರಬಾರದ್ಯಾಕೆ? ಕಾಣಲ್ಲ, ತಾಗಲ್ಲ, ಎಲ್ಲಾ ಕಡೆ ಇದೆ. ಇಲ್ಲಾ ಬರೀ ಮಂಕು ನಕ್ಷತ್ರ, ಒಂಟಿ ಗ್ರಹ?

ಕಾಸ್ಮಿಕ್‌ಅಕ್ಕ

ನ್ಯೂಟ್ರಿನೋ ಮೊದಲ ಅಭ್ಯರ್ಥಿಗಳಲ್ಲೇ ಒಂದಾಗಿತ್ತು. ತೀರಾ ಹಗುರ, ತೀರಾ ವೇಗ, ಆ ವೇಗಕ್ಕೆ ಆರಂಭದ ಸಣ್ಣ ಗುಡ್ಡೆಗಳೆಲ್ಲಾ ಅಳಿಸಿಹೋಗ್ತವೆ, ಗ್ಯಾಲಕ್ಸಿ ಹುಟ್ಟೋ ಕ್ರಮವೇ ಉಲ್ಟಾ ಆಗತ್ತೆ. ಮಂಕು ನಕ್ಷತ್ರ, ಗ್ರಹ, ಬ್ಲ್ಯಾಕ್ ಹೋಲ್ ಇವನ್ನ 1990ರ ದಶಕದಲ್ಲಿ ಲಕ್ಷಾಂತರ ನಕ್ಷತ್ರಗಳನ್ನ ವರ್ಷಗಟ್ಟಲೆ ಗಮನಿಸಿ ಹುಡುಕಿದ್ರು, ಯಾವುದಾದ್ರೂ ಅಡ್ಡ ಬಂದ್ರೆ ಹಿಂದಿನ ನಕ್ಷತ್ರ ಕೆಲ ದಿನ ಬೆಳಗಿ ಮತ್ತೆ ಮಂಕಾಗತ್ತೆ, ಕೆಲವು ಸಿಕ್ಕಿದ್ವು, ಸಾಕಾಗುವಷ್ಟಲ್ಲ. ಅದೂ ಅಲ್ದೆ ವಿಶ್ವ ಹುಟ್ಟಿದ ಮೊದಲ ನಿಮಿಷಗಳಲ್ಲಿ ತಯಾರಾದ ಡ್ಯೂಟೀರಿಯಮ್ (ಭಾರದ ಹೈಡ್ರೋಜನ್) ಎಷ್ಟು ಅಂತ ಗೊತ್ತು, ಮಾಮೂಲಿ ದ್ರವ್ಯ ಶೇ. 5ಕ್ಕಿಂತ ಜಾಸ್ತಿ ಇದ್ದಿದ್ರೆ ಆ ಪ್ರಮಾಣ ಹೊಂದಲ್ಲ. ಈಗ ಆಕ್ಸಿಯಾನ್ ಅನ್ನೋ ಅತಿ ಹಗುರದ ಕಣದ ಮೇಲೆ ಕಣ್ಣು ಬಿದ್ದಿದೆ (ಆ ಹೆಸರು ಬಟ್ಟೆ ಒಗೆಯೋ ಪುಡಿಯಿಂದ ಬಂದಿದ್ದು, ನಿಜ). ಆದಿಕಾಲದ ಸಣ್ಣ ಬ್ಲ್ಯಾಕ್ ಹೋಲ್‌ಗಳಿಗೂ ಇನ್ನೂ ಒಂದು ಕಿಂಡಿ ತೆರೆದಿದೆ, ಕ್ಷುದ್ರಗ್ರಹದಷ್ಟು ತೂಕದವಾದ್ರೆ. ಬ್ಲ್ಯಾಕ್ ಹೋಲ್‌ಗೂ ಅದಕ್ಕೂ ನೆಂಟಸ್ತನ ಇದ್ಯಾ ಅನ್ನೋ ಗೂಬೆ ಅವರ ಪ್ರಶ್ನೆಗೆ ದುರ್ಬೀನು ಸರ್ ಖಡಾಖಂಡಿತ ಇಲ್ಲ ಅಂದ್ರು, ನಾನು ಅಷ್ಟು ಗಟ್ಟಿಯಾಗಿ ಹೇಳಲ್ಲ.

ಹಳೇದುರ್ಬೀನು

ತಿದ್ದಿದ್ದಕ್ಕೆ ಸಂತೋಷ ಮೇಡಂ. ಅಂದಹಾಗೆ 2023ರಲ್ಲಿ ಹಾರಿಸಿದ ಯೂಕ್ಲಿಡ್ ದೂರದರ್ಶಕ, ಚಿಲಿಯಲ್ಲಿ 2025ರಲ್ಲಿ ಮೊದಲ ಚಿತ್ರ ಕೊಟ್ಟ ವೀರಾ ರೂಬಿನ್ ವೀಕ್ಷಣಾಲಯ, ಎರಡೂ ಬೆಳಕು ಬಾಗೋದನ್ನ ಕೋಟಿಗಟ್ಟಲೆ ಗ್ಯಾಲಕ್ಸಿಗಳಲ್ಲಿ ಅಳೆಯೋ ಕೆಲಸಕ್ಕೆ ಕೂತಿವೆ. ಬಹುಮಾನ ಕೊಡದಿದ್ರೂ 8.4 ಮೀಟರ್ ಕನ್ನಡಿಯ ಮೇಲೆ ಹೆಸರಾದ್ರೂ ಇಟ್ರು.

ರಾತ್ರಿಗೂಬೆ

ಎಲ್ರಿಗೂ ಒಂದು ವಿಷಯ. ಮೇಷ್ಟ್ರ ಸೂತ್ರ ಹಿಡ್ಕೊಂಡು ನಾನೇ ಒಂದು ಗ್ಯಾಲಕ್ಸಿ ತೂಗಿದೆ. ಎನ್‌ಜಿಸಿ 3198, ಸಪ್ತರ್ಷಿ ಮಂಡಲದಲ್ಲಿದೆ. ವೇಗ 150, ದೂರ ಒಂದು ಲಕ್ಷ ಜ್ಯೋತಿರ್ವರ್ಷ, ಅದನ್ನ ಮೀಟರ್ ಮಾಡ್ಕೊಂಡು ಹಾಕಿದೆ. ಬರೀ 1 ಲಕ್ಷ 60 ಸಾವಿರ ಸೂರ್ಯರ ತೂಕ ಬಂತು!! ಒಂದು ಗ್ಯಾಲಕ್ಸಿಯಲ್ಲಿ ನಕ್ಷತ್ರಗಳೇ ಅದಕ್ಕಿಂತ ಎಷ್ಟೋ ಜಾಸ್ತಿ ಇರಬೇಕಲ್ವಾ? ಡಾರ್ಕ್ ಮ್ಯಾಟರ್ ಇರ್ಲಿ, ಮಾಮೂಲಿ ಮ್ಯಾಟರೇ ಮೈನಸ್ ಆಗೋಯ್ತು. ಪಿಶಾಚಿ ಅಣ್ಣಾ, ನೀವೇ ಗೆದ್ರಿ ಅನ್ಸತ್ತೆ.

ಸಂಶಯಪಿಶಾಚಿ

ಇಂಥಾ ಗೆಲವು ನನಗ ಬ್ಯಾಡ್ರಿ ತಮ್ಮಾ. ಕಿ.ಮೀ. ನೋಡ್ಕೋ.

ಲೆಕ್ಕದಮೇಷ್ಟ್ರು

ದೂರ ಮೀಟರಿಗೆ ತಂದ್ರಿ, ವೇಗವನ್ನ ಕಿಲೋಮೀಟರಲ್ಲೇ ಬಿಟ್ರಿ. ವರ್ಗ ಮಾಡ್ತೀವಲ್ಲ, ಸಾವಿರದ ವರ್ಗ ಹತ್ತು ಲಕ್ಷ. ಉತ್ತರಾನ ಹತ್ತು ಲಕ್ಷದಿಂದ ಗುಣಿಸಿ.

ರಾತ್ರಿಗೂಬೆ

ಅಯ್ಯೋ ದೇವರೇ. 16,000 ಕೋಟಿ ಸೂರ್ಯರು.

ಲೆಕ್ಕದಮೇಷ್ಟ್ರು

ಈಗ ಸರಿ ಹೋಯ್ತು. 1985ರಲ್ಲಿ ಇದೇ ಗ್ಯಾಲಕ್ಸಿಯ ಲೆಕ್ಕ ಪ್ರಕಟ ಆಗಿದೆ, ನಕ್ಷತ್ರಗಳಿಗೆ ಎಷ್ಟು ಜಾಸ್ತಿ ತೂಕ ಕೊಡೋಕೆ ಸಾಧ್ಯವೋ ಅಷ್ಟೂ ಕೊಟ್ಟು ನೋಡಿದ್ರೂ ಆ ದೂರದೊಳಗೆ ಕಾಣದ್ದು ಕಾಣೋದಕ್ಕಿಂತ ನಾಲ್ಕು ಪಟ್ಟಾದ್ರೂ ಜಾಸ್ತಿ ಬೇಕು. ನಿಮ್ಮ 16,000 ಕೋಟಿಯಲ್ಲಿ ಕಣ್ಣಿಗೆ ಕಾಣೋದು ಹೆಚ್ಚಂದ್ರೆ 3,200 ಕೋಟಿ. ಮುಂದಿನ ಸಲ 75,000 ಜ್ಯೋತಿರ್ವರ್ಷಕ್ಕೂ ಇದೇ ವೇಗ ಹಾಕಿ ಮಾಡಿ, ಎರಡೂ ಉತ್ತರ ಪಕ್ಕಪಕ್ಕ ಇಡಿ, ಆಮೇಲೆ ಆ 25,000 ಜ್ಯೋತಿರ್ವರ್ಷದ ಪಟ್ಟಿಯಲ್ಲಿ ಫೋಟೋದಲ್ಲಿ ಏನು ಕಾಣತ್ತೆ ಅಂತ ಹುಡುಕಿ.

ರಾತ್ರಿಗೂಬೆ

ಮಾಡಿದೆ ಮೇಷ್ಟ್ರೇ, 12,000 ಕೋಟಿ. ಅಂದ್ರೆ ಆ ಪಟ್ಟಿಯಲ್ಲೇ 4,000 ಕೋಟಿ ಸೂರ್ಯರ ತೂಕ. ಫೋಟೋ ಜೂಮ್ ಮಾಡಿ ಮಾಡಿ ನೋಡ್ತಿದೀನಿ, ಏನೂ ಇಲ್ಲ, ಹಿಂದೆ ದೂರದ ಒಂದೆರಡು ಗ್ಯಾಲಕ್ಸಿ ಅದರ ಮೂಲಕಾನೇ ಆರಾಮಾಗಿ ಕಾಣ್ತಿವೆ.